ಒಂದು ಡಿಗ್ರಿಗೆ ಎಷ್ಟು ಟನ್ ಗೋಧಿ?

2022ರ ಮಾರ್ಚ್‌ನಲ್ಲಿ ಉತ್ತರ ಭಾರತದ ಗೋಧಿ ಕಾಳುಗಟ್ಟುವ ಹೊತ್ತಿಗೇ ಬಿಸಿಗಾಳಿ ಬಡಿಯಿತು. 11.13 ಕೋಟಿ ಟನ್ ಬೆಳೆ ಬರುತ್ತದೆಂಬ ಸರ್ಕಾರದ ಅಂದಾಜು ಕೊನೆಗೆ 10.77 ಕೋಟಿಗೆ ಇಳಿಯಿತು. ಯುಕ್ರೇನ್ ಯುದ್ಧದಿಂದ ಬೆಲೆಯೂ ಏರಿದ್ದರಿಂದ ಮೇ 13ರಂದು ರಫ್ತು ನಿಂತಿತು. ಖೋತಾ ಆದದ್ದು ಸುಮಾರು 36 ಲಕ್ಷ ಟನ್, ಶೇ 3ರ ಆಸುಪಾಸು.

ಬೆಳೆಯ ಬೆಳವಣಿಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಬೆಳೆ ಮಾದರಿಗಳು ಮುಂದಿನ ದಿನಗಳಿಗೆ ಹೇಳುತ್ತಿರುವುದು ಇದಕ್ಕಿಂತ ದೊಡ್ಡ ಅಂಕಿ. ಇಂಥ ಮಾದರಿಗಳ ಲೆಕ್ಕವನ್ನೂ ಹೊಲದ ಪ್ರಯೋಗಗಳನ್ನೂ ಒಟ್ಟುಗೂಡಿಸಿದ 2017ರ ಅಧ್ಯಯನದ ಪ್ರಕಾರ, ಭೂಮಿಯ ಸರಾಸರಿ ತಾಪ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಜಗತ್ತಿನ ಮೆಕ್ಕೆಜೋಳದ ಇಳುವರಿ ಶೇ 7.4, ಗೋಧಿ ಶೇ 6, ಭತ್ತ ಶೇ 3.2ರಷ್ಟು ಕುಸಿಯುತ್ತದೆ. ಭಾರತದ ಗೋಧಿಗೆ ಪೆಟ್ಟು ಇನ್ನೂ ಜೋರು: ಶೇ 9.1. 2022ರ ಬೆಳೆಗೆ ಹೋಲಿಸಿದರೆ ಇದು 98 ಲಕ್ಷ ಟನ್. ಪಡಿತರದ ತಿಂಗಳಿಗೆ 5 ಕಿಲೋ ಲೆಕ್ಕದಲ್ಲಿ 16 ಕೋಟಿ ಜನರ ಒಂದು ವರ್ಷದ ಕಾಳು!

ಮಾದರಿ ಇದನ್ನು ಹೇಗೆ ಕಂಡುಕೊಳ್ಳುತ್ತದೆ? ಒಂದು ತಳಿ ಮಾಗಲು 10 ಡಿಗ್ರಿಗಿಂತ ಮೇಲಿನ ಶಾಖ ಒಟ್ಟು 1,500 ಡಿಗ್ರಿಯಷ್ಟು ಜಮೆಯಾಗಬೇಕು ಎಂದಿಟ್ಟುಕೊಳ್ಳಿ. ದಿನದ ಸರಾಸರಿ 25 ಇದ್ದರೆ ನಿತ್ಯ 15 ಜಮೆ. 100 ದಿನಕ್ಕೆ ಕೊಯ್ಲು. ಸರಾಸರಿ 26 ಆದರೆ 94 ದಿನಕ್ಕೇ ಬೆಳೆ ಮುಗಿಯಿತು. ಆ ಆರು ದಿನ ಎಲೆ ತಯಾರಿಸಬೇಕಿದ್ದ ಪಿಷ್ಟ ಕಾಳಿಗೆ ಸೇರುವುದೇ ಇಲ್ಲ. ಇದರ ಮೇಲೆ ಮಣ್ಣಿನ ತೇವ, ಸಾರಜನಕ, ಇಂಗಾಲದ ಡೈಆಕ್ಸೈಡ್ ಎಲ್ಲವನ್ನೂ ಮಾದರಿ ದಿನದಿನಕ್ಕೆ ಲೆಕ್ಕ ಹಾಕುತ್ತದೆ.

ಉತ್ತರ ಮಾತ್ರ ಸ್ಥಿರವಲ್ಲ. ಇಂಗಾಲ ಹೊರಸೂಸುವಿಕೆ ಹೀಗೇ ಏರುತ್ತಿದ್ದರೆ ಶತಮಾನದ ಕೊನೆಗೆ ಜಗತ್ತಿನ ಮೆಕ್ಕೆಜೋಳ ಶೇ 1 ಹೆಚ್ಚೀತು ಎಂಬುದು ಹಳೆಯ ತಲೆಮಾರಿನ ಮಾದರಿಗಳ ಲೆಕ್ಕವಾಗಿತ್ತು. 12 ಬೆಳೆ ಮಾದರಿಗಳ 2021ರ ಲೆಕ್ಕದಲ್ಲಿ ಅದು ಶೇ 24 ಇಳಿಕೆ. ಗೋಧಿಯದು ಶೇ 18 ಏರಿಕೆ. ಹೆಚ್ಚಿದ ಇಂಗಾಲದ ಡೈಆಕ್ಸೈಡ್‌ನ ಲಾಭ ಅದಕ್ಕಿದೆ, ಮೆಕ್ಕೆಜೋಳಕ್ಕೆ ಅಷ್ಟಿಲ್ಲ; 2017ರ ಅಧ್ಯಯನದ ಶೇ 6ರ ಕುಸಿತದಲ್ಲಿ ಈ ಲಾಭ ಸೇರಿರಲಿಲ್ಲ. ಹಾಗೆಂದು ಮಾದರಿಗಳನ್ನು ಬದಿಗಿಡುವುದು ತಪ್ಪು. ಒಂದೇ ಮಾದರಿಯ ಒಂದೇ ಅಂಕಿಯನ್ನು ನೆಚ್ಚಬಾರದು, ಅಷ್ಟೇ.

ನನಗೆ ಹೆಚ್ಚು ಕಳವಳ ತರುವುದು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಅಂದಾಜು. ಹೊಂದಾಣಿಕೆಯ ಕ್ರಮ ಕೈಗೊಳ್ಳದಿದ್ದರೆ 2050ರ ವೇಳೆಗೆ ನೀರಾವರಿ ಭತ್ತ ಶೇ 3.5 ಇಳಿದರೆ, ಮಳೆಯಾಶ್ರಿತ ಭತ್ತ ಶೇ 20 ಇಳಿಯುತ್ತದೆ. 2080ಕ್ಕೆ ಶೇ 47. ಮುಂಗಾರಿನ ಮೆಕ್ಕೆಜೋಳಕ್ಕೆ 2050ರಲ್ಲೇ ಶೇ 18 ನಷ್ಟ. ಹಾವೇರಿ, ದಾವಣಗೆರೆಯ ಮೆಕ್ಕೆಜೋಳ ಬಹುಪಾಲು ಮಳೆಯನ್ನೇ ನಂಬಿದೆ. ದೇಶದ ಸರಾಸರಿಯನ್ನು ಅಲ್ಲಿಗೆ ಹಾಗೇ ಅನ್ವಯಿಸಲಾಗದು. ಹೋಬಳಿಯ ಮಳೆ, ಮಣ್ಣಿನ ಆಳ, ಬಿತ್ತನೆಯ ದಿನ ಕೊಟ್ಟು ಮಾದರಿ ಓಡಿಸಬೇಕು. ಯಾವ ತಳಿಯನ್ನು ಯಾವ ವಾರ ಬಿತ್ತಿದರೆ ನಷ್ಟ ಕಡಿಮೆ ಎಂಬುದು ಬಿತ್ತನೆಗೆ ಮೊದಲೇ ರೈತರ ಕೈಗೆ ಸಿಗಬೇಕು.