ಮಗ್ಗ ಕದಲಲಿಲ್ಲ, ಲೆಕ್ಕ ಬದಲಾಯಿತು

ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹೆಚ್ಚಾಗಿ ಹತ್ತಿ, ಸೆರಗಿಗೆ ಕೆಂಪು ರೇಷ್ಮೆ. ಎರಡೂ ಹಾಸಿನ ಎಳೆಗಳನ್ನು ಕುಣಿಕೆಯಾಗಿ ಒಂದಕ್ಕೊಂದು ಸಿಕ್ಕಿಸಿ ‘ಕೊಂಡಿ’ ಹಾಕಿದ ಮೇಲೆಯೇ ತೋಪು-ತೆನೆಯ ಸೆರಗು ಮೂಡುತ್ತದೆ. ಇಷ್ಟೆಲ್ಲ ನೇಕಾರನೊಬ್ಬನಿಂದ ಆಗುವ ಕೆಲಸವಲ್ಲ. ನೂಲಿಗೆ ಬಣ್ಣ ಹಾಕುವವರು, ಹಾಸು ಹೂಡುವವರು, ಕಂಡಿಕೆ ಸುತ್ತುವ ಹೆಣ್ಣುಮಕ್ಕಳು, ಮಗ್ಗ ಕೆಟ್ಟರೆ ಓಡಿಬರುವ ಬಡಗಿ, ನೂಲು ಕೊಟ್ಟು ಸೀರೆ ಒಯ್ಯುವ ಸಾಹುಕಾರ, ಎಲ್ಲರೂ ಆಚೀಚೆ ಓಣಿಯಲ್ಲೇ ಇರಬೇಕು. ಒಂದು ಕಸುಬಿನವರೂ ಆ ಕಸುಬಿಗೆ ಬೇಕಾದವರೂ ಹೀಗೆ ಒಂದೆಡೆ ನೆಲೆಯೂರಿದರೆ ಅರ್ಥಶಾಸ್ತ್ರಜ್ಞರು ಅದನ್ನು ಕ್ಲಸ್ಟರ್ ಎನ್ನುತ್ತಾರೆ.

ಜನ ಹೀಗೆ ಗುಂಪುಗೂಡುವುದೇಕೆ ಎಂಬುದಕ್ಕೆ ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಉತ್ತರ ಕೊಟ್ಟಿದ್ದರು. ಕೈಗೆ ಪಳಗಿದ ಆಳು ಸಿಗುತ್ತಾರೆ, ಕಚ್ಚಾ ಮಾಲು ಮತ್ತು ಸಲಕರಣೆ ಪೂರೈಸುವವರು ಬಂದು ನೆಲೆಸುತ್ತಾರೆ, ಕಸುಬಿನ ಗುಟ್ಟು ಮನೆಯಿಂದ ಮನೆಗೆ ತಾನಾಗಿ ಹರಡುತ್ತದೆ. ಅವರ ಕಣ್ಣೆದುರಿಗಿದ್ದದ್ದು ಶೆಫೀಲ್ಡಿನ ಚಾಕು-ಕತ್ತರಿ ತಯಾರಕರಂಥವರು. ಕಾರಣ ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಇಂಥ ಕ್ಲಸ್ಟರ್ ಎಲ್ಲಿದೆ, ಎಷ್ಟು ದೊಡ್ಡದು ಎಂದು ನಕ್ಷೆಯ ಮೇಲೆ ಗುರುತಿಸಹೊರಟಾಗಲೇ ತಕರಾರು ಶುರುವಾದದ್ದು.

ಎಲ್ಲರೂ ಮೊದಲು ಕೈಗೆತ್ತಿಕೊಳ್ಳುವ ಅಳತೆ ಲೊಕೇಶನ್ ಕೋಷಂಟ್. ಒಂದು ಜಿಲ್ಲೆಯ ದುಡಿಯುವವರಲ್ಲಿ ನೇಕಾರರು ಶೇಕಡಾ ಎಷ್ಟು ಎಂದು ನೋಡಿ, ಅದನ್ನು ಇಡೀ ರಾಜ್ಯದ ಶೇಕಡಾವಾರಿನಿಂದ ಭಾಗಿಸುವುದು, ಅಷ್ಟೆ. ಒಂದು ಬಂದರೆ ಆ ಜಿಲ್ಲೆ ಎಲ್ಲ ಜಿಲ್ಲೆಗಳಂತೆ. ಮೂರೋ ನಾಲ್ಕೋ ಬಂದರೆ ಅಲ್ಲೇನೋ ಇದೆ.

ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಜಿಲ್ಲೆಯಲ್ಲಿ ದುಡಿಯುವವರು 10 ಲಕ್ಷ, ಅವರಲ್ಲಿ ನೇಕಾರರು 60 ಸಾವಿರ, ಅಂದರೆ ಶೇ 6. ರಾಜ್ಯದಲ್ಲಿ ಶೇ 2. ಕೋಷಂಟ್ 3. ಈಗ ಆ ಜಿಲ್ಲೆಯನ್ನು ಸರಿಯಾಗಿ ಎರಡು ಪಾಲು ಮಾಡಿದರೆಂದುಕೊಳ್ಳಿ. ಒಂದು ಪಾಲಿನ 5 ಲಕ್ಷದಲ್ಲಿ 50 ಸಾವಿರ ನೇಕಾರರು, ಇನ್ನೊಂದರಲ್ಲಿ 10 ಸಾವಿರ. ಮೊದಲನೆಯದರ ಕೋಷಂಟ್ 5ಕ್ಕೆ ಜಿಗಿಯಿತು, ಎರಡನೆಯದು 1ಕ್ಕೆ ಇಳಿಯಿತು. ಒಂದು ಮಗ್ಗವೂ ಜಾಗ ಬಿಟ್ಟು ಕದಲಿಲ್ಲ.

ಅಂಕಿ ಊಹೆಯದಾದರೂ ಜಿಲ್ಲೆ ಒಡೆದದ್ದು ಊಹೆಯಲ್ಲ. 1997ರವರೆಗೆ ಇಳಕಲ್ ವಿಜಾಪುರ ಜಿಲ್ಲೆಯಲ್ಲಿತ್ತು. ಆ ವರ್ಷ ಬಾಗಲಕೋಟೆಯ ಪಾಲಾಯಿತು. ಅದೇ ವರ್ಷ ನೆರೆಯ ಕುಷ್ಟಗಿ ರಾಯಚೂರನ್ನು ಬಿಟ್ಟು ಕೊಪ್ಪಳಕ್ಕೆ ಸೇರಿತು. ಇಳಕಲ್‌ನಿಂದ ಕುಷ್ಟಗಿ ರಸ್ತೆ ಹಿಡಿದರೆ ಸ್ವಲ್ಪ ದೂರದಲ್ಲೇ ಜಿಲ್ಲೆ ಬದಲಾಗುತ್ತದೆ. ನೇಯ್ಗೆಯೇನೂ ಬದಲಾಗುವುದಿಲ್ಲ, ಕುಷ್ಟಗಿ ತಾಲ್ಲೂಕಿನ ದೋಟಿಹಾಳದಲ್ಲೂ ನೇಯುವುದು ಇಳಕಲ್ ಸೀರೆಯನ್ನೇ. ಬ್ರಿಟಿಷರ ಕಾಲದಲ್ಲಂತೂ ಈ ಗೆರೆಯ ಒಂದು ಬದಿ ಮುಂಬಯಿ ಪ್ರಾಂತ, ಇನ್ನೊಂದು ಬದಿ ನಿಜಾಮರ ಸೀಮೆ. ಜಿಲ್ಲಾವಾರು ಅಂಕಿಅಂಶ ಹಿಡಿದು ಕೂತವನಿಗೆ ಇಲ್ಲಿ ಒಂದು ಕ್ಲಸ್ಟರ್ ಎರಡು ತುಂಡಾಗಿ ಕಾಣುತ್ತದೆ, ಕುಷ್ಟಗಿ ಕಡೆಯ ತುಂಡು ಕಾಣದೆಯೂ ಹೋಗಬಹುದು.

ಇಟಲಿಯವರು ಈ ತೊಡಕನ್ನು ಬೇರೆ ರೀತಿ ಬಿಡಿಸಿಕೊಂಡರು. ಬಟ್ಟೆ ತಯಾರಿಕೆಗೆ ಹೆಸರಾದ ಪ್ರಾತೊದಂಥ ಊರುಗಳ ದೇಶ ಅದು. ಅಲ್ಲಿನ ಅಂಕಿಅಂಶ ಸಂಸ್ಥೆ ಆಡಳಿತದ ಗಡಿಯನ್ನು ಪಕ್ಕಕ್ಕಿಟ್ಟು, ಜನ ದಿನಾ ಎಲ್ಲಿಂದ ಎಲ್ಲಿಗೆ ಕೆಲಸಕ್ಕೆ ಹೋಗಿಬರುತ್ತಾರೆ ಎಂಬುದನ್ನೇ ನೋಡಿ ದೇಶವನ್ನು ವಿಂಗಡಿಸುತ್ತದೆ. 2011ರ ಜನಗಣತಿಯಿಂದ ಹೀಗೆ 611 ಪ್ರದೇಶಗಳು ಹುಟ್ಟಿದವು. ಅವುಗಳಲ್ಲಿ 141 ಕೈಗಾರಿಕಾ ಜಿಲ್ಲೆಗಳೆಂದು ಗುರುತಾದವು. ಅರ್ಥಶಾಸ್ತ್ರಜ್ಞರಾದ ಜಿಲ್ ಡ್ಯುರಾಂಟನ್ ಮತ್ತು ಹೆನ್ರಿ ಓವರ್‌ಮನ್ 2005ರಲ್ಲಿ ಇನ್ನೂ ಮುಂದೆ ಹೋಗಿ ಗಡಿಯನ್ನೇ ಕೈಬಿಟ್ಟರು. ಬ್ರಿಟನ್ನಿನ ಒಂದೊಂದು ಕಾರ್ಖಾನೆಯನ್ನೂ ಪೋಸ್ಟ್‌ಕೋಡಿನ ಮೂಲಕ ಬಿಂದುವಾಗಿ ಗುರುತಿಸಿ, ಒಂದೇ ಉದ್ದಿಮೆಯ ಪ್ರತಿ ಎರಡು ಕಾರ್ಖಾನೆಗಳ ನಡುವಿನ ದೂರ ಲೆಕ್ಕ ಹಾಕಿದರು. ಸುಮಾರು ಅರ್ಧದಷ್ಟು ಉದ್ದಿಮೆಗಳು ನಿಜಕ್ಕೂ ಒತ್ತೊತ್ತಾಗಿದ್ದವು, ಅದೂ ಬಹುತೇಕ 50 ಕಿಲೋಮೀಟರಿನೊಳಗೆ. ನನಗೆ ಹಿಡಿಸಿದ ವಿಧಾನ ಇದೇ. ಆದರೆ ಇದಕ್ಕೆ ಕಾರ್ಖಾನೆಗಳ ವಿಳಾಸ ಒಂದೂ ಬಿಡದೆ ಬೇಕು. ಮನೆಯ ಪಡಸಾಲೆಯಲ್ಲಿರುವ ಮಗ್ಗಕ್ಕೆ ಯಾವ ಕಡತದಲ್ಲಿ ವಿಳಾಸ?

ಗಡಿ ಸರಿಯಿದ್ದರೂ ಇನ್ನೊಂದು ಮೋಸವಿದೆ. ಅಮೆರಿಕದ ವ್ಯಾಕ್ಯೂಮ್ ಕ್ಲೀನರ್ ಉದ್ದಿಮೆಯ ಮುಕ್ಕಾಲು ಪಾಲು ಕೆಲಸಗಾರರು ನಾಲ್ಕೇ ಕಾರ್ಖಾನೆಗಳಲ್ಲಿದ್ದರು. ಆ ನಾಲ್ಕು ಎಲ್ಲಿದ್ದರೂ ಅಲ್ಲಿ ಕೋಷಂಟ್ ಏರಿಯೇ ಏರುತ್ತದೆ. ಅದು ದೊಡ್ಡ ಕಾರ್ಖಾನೆಯ ಗುಣವೇ ಹೊರತು ಕ್ಲಸ್ಟರಿನದಲ್ಲ. ಅರ್ಥಶಾಸ್ತ್ರಜ್ಞರಾದ ಗ್ಲೆನ್ ಎಲಿಸನ್ ಮತ್ತು ಎಡ್ವರ್ಡ್ ಗ್ಲೇಸರ್ 1997ರಲ್ಲಿ ಇದನ್ನು ತೋರಿಸಿ, ನಕ್ಷೆಯ ಮೇಲೆ ಕಣ್ಣುಮುಚ್ಚಿ ಕಾರ್ಖಾನೆಗಳನ್ನು ಎಸೆದಿದ್ದರೂ ಎಷ್ಟು ಗುಂಪು ಮೂಡುತ್ತಿತ್ತು ಎಂಬುದನ್ನು ಮೊದಲು ಕಳೆದು, ಉಳಿದದ್ದನ್ನಷ್ಟೇ ಎಣಿಸುವ ಸೂಚ್ಯಂಕ ಕಟ್ಟಿದರು. ಹಾಗೆ ಕಳೆದ ಮೇಲೂ 459 ಉದ್ದಿಮೆಗಳಲ್ಲಿ 446 ಬರೀ ಆಕಸ್ಮಿಕಕ್ಕಿಂತ ಹೆಚ್ಚು ಗುಂಪಾಗಿದ್ದವು. ನಮ್ಮಲ್ಲಿ ಚನ್ನಪಟ್ಟಣದ ಗೊಂಬೆ ಕಸುಬನ್ನೂ, ಒಂದೇ ಕಂಪನಿ ಕಟ್ಟಿದ ಕೊಪ್ಪಳ ಜಿಲ್ಲೆ ಭಾನಾಪುರದ ಆಟಿಕೆ ಕಾರ್ಖಾನೆ ಸಮುಚ್ಚಯವನ್ನೂ ಕ್ಲಸ್ಟರ್ ಎಂದೇ ಕರೆಯುತ್ತೇವೆ. ಈ ಸೂಚ್ಯಂಕ ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಲಾರದು.

ಇನ್ನು ಎಣಿಕೆಗೇ ಸಿಗದವರ ವಿಷಯ. ನಮ್ಮ ವಾರ್ಷಿಕ ಕೈಗಾರಿಕಾ ಸಮೀಕ್ಷೆ ಮುಖ್ಯವಾಗಿ ನೋಡುತ್ತ ಬಂದದ್ದು ವಿದ್ಯುತ್ ಇದ್ದರೆ ಕನಿಷ್ಠ 10, ಇಲ್ಲದಿದ್ದರೆ 20 ಕೆಲಸಗಾರರಿರುವ ಕಾರ್ಖಾನೆಗಳನ್ನು. ಗಂಡ ನೇಯ್ದು ಹೆಂಡತಿ ಕಂಡಿಕೆ ಸುತ್ತುವ ಮನೆ ಅದರೊಳಗೆ ಬರುವುದೇ ಇಲ್ಲ. ಆರ್ಥಿಕ ಗಣತಿಯ ಬಲೆ ಇದಕ್ಕಿಂತ ಅಗಲ. ಕಂಡಿಕೆ ಸುತ್ತುವವಳನ್ನು ಅವಳ ಕೆಲಸದ ಹೆಸರಿನಲ್ಲೇ ಎಣಿಸಿದ್ದು ಕೈಮಗ್ಗ ಗಣತಿ. 2019-20ರ ನಾಲ್ಕನೇ ಗಣತಿಯಲ್ಲಿ ದೇಶದಾದ್ಯಂತ 35.22 ಲಕ್ಷ ಕೈಮಗ್ಗ ಕೆಲಸಗಾರರು ಸಿಕ್ಕರು. ಅವರಲ್ಲಿ ಸುಮಾರು ಎಂಟೂವರೆ ಲಕ್ಷ ಜನ ಮಗ್ಗದಲ್ಲಿ ಕೂರದೆ ಅದರ ಹಿಂದು-ಮುಂದಿನ ಕೆಲಸ ಮಾಡುವವರು. ಒಟ್ಟಾರೆ ನೂರಕ್ಕೆ 70ಕ್ಕೂ ಹೆಚ್ಚು ಹೆಂಗಸರು.

ಕ್ಲಸ್ಟರ್ ಯೋಜನೆಗಳ ವರದಿಯಲ್ಲಿ ಕೋಷಂಟ್ ಏರಿದೆ ಎಂದು ಕಂಡಾಗ ನಾನು ಒಡನೆಯೇ ಹುಡುಕುವುದು ತಲೆಯೆಣಿಕೆಯ ಅಂಕಿಯನ್ನು. ಮೇಲಿನ ಉದಾಹರಣೆಯ ಹೊಸ ಜಿಲ್ಲೆಯನ್ನೇ ಮತ್ತೆ ತೆಗೆದುಕೊಳ್ಳಿ. 50 ಸಾವಿರವಿದ್ದ ನೇಕಾರರು 30 ಸಾವಿರಕ್ಕೆ ಇಳಿದರೆ ಅಲ್ಲಿನ ಪಾಲು ಶೇ 6. ಅಷ್ಟರಲ್ಲಿ ರಾಜ್ಯದ ಬೇರೆ ಕಡೆ ಮಗ್ಗಗಳು ಇನ್ನೂ ಬೇಗ ನಿಂತು, ಬೆಂಗಳೂರಿನಲ್ಲಿ ಬೇರೆ ನೌಕರಿಗಳು ಬೆಳೆದು, ರಾಜ್ಯದ ಪಾಲು ಶೇ 2ರಿಂದ 1ಕ್ಕೆ ಇಳಿದಿದ್ದರೆ? ಆರನ್ನು ಒಂದರಿಂದ ಭಾಗಿಸಿ. 5 ಇದ್ದ ಕೋಷಂಟ್ 6 ಆಗಿದೆ; 20 ಸಾವಿರ ಮಂದಿ ಮಗ್ಗ ಬಿಟ್ಟಿದ್ದಾರೆ. ದೇಶದ ಮಟ್ಟದಲ್ಲಿ ಇಂಥ ಇಳಿಕೆ ಕಂಡದ್ದು ಸೂಚ್ಯಂಕದಲ್ಲಲ್ಲ, ಎರಡು ಕೈಮಗ್ಗ ಗಣತಿಗಳನ್ನು ಅಕ್ಕಪಕ್ಕ ಇಟ್ಟಾಗ: 2009-10ರಲ್ಲಿ ಕೆಲಸಗಾರರು 43.31 ಲಕ್ಷ, ಹತ್ತು ವರ್ಷದ ಮೇಲೆ 35.22 ಲಕ್ಷ.