ಪ್ರೊಟೆಸ್ಟಂಟ್ ಕ್ರೈಸ್ತರು: ಹೆಸರು ಹಲವು, ವಿಶ್ವಾಸ ಯಾವುದು?



ಅರಿವಿಲ್ಲದ ವಿಷಯದ ಬೆನ್ನು ಹತ್ತಬಾರದೆಂದು ಅಲ್ಲಾಹನು ಸೂರಃ ಅಲ್ ಇಸ್ರಾದಲ್ಲಿ ನಮ್ಮನ್ನು ಎಚ್ಚರಿಸಿದ್ದಾನೆ. ಇತರ ಧರ್ಮದವರ ಕುರಿತು ನಾವು ಆಡುವ ಮಾತಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಶರಾವತಿ ಹಿನ್ನೀರಿನ ಈಚೆಗಿನ ನಮ್ಮ ಬ್ಯಾಕೋಡಿನಿಂದ ಮಕ್ಕಳು ಓದಿಗೆ, ಕೆಲಸಕ್ಕೆ ಶಿವಮೊಗ್ಗ, ಮಂಗಳೂರು, ಬೆಂಗಳೂರಿಗೆ ಹೋಗುತ್ತಾರೆ. ಸಿ.ಎಸ್.ಐ., ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಪೆಂಟೆಕೋಸ್ಟ್ ಎಂಬ ಫಲಕಗಳನ್ನು ಕಂಡು, 'ಇವು ಬೇರೆ ಬೇರೆ ಧರ್ಮಗಳೇ?' ಎಂದು ಕೇಳುತ್ತಾರೆ. ಅಲ್ಲ. ಇವರೆಲ್ಲ ಪ್ರೊಟೆಸ್ಟಂಟ್ ಪಂಗಡಗಳವರು. 1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್, ಪಾಪದ ಶಿಕ್ಷೆ ಮನ್ನಾ ಮಾಡುವ ಪತ್ರಗಳನ್ನು ಹಣಕ್ಕೆ ಕೊಡುವುದನ್ನು ವಿರೋಧಿಸಿದರು. ಅಲ್ಲಿಂದ ಬೆಳೆದ ಸುಧಾರಣೆಯಲ್ಲಿ ಇವರು ಪೋಪರ ಅಧಿಕಾರದಿಂದ ಹೊರಬಂದರು.

ಕನ್ನಡ ನಾಡಿಗೂ ಇವರಿಗೂ ಹಳೆಯ ನಂಟು. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಪ್ರಕಟವಾದ ಕನ್ನಡ–ಇಂಗ್ಲಿಷ್ ನಿಘಂಟಿನ ಫರ್ಡಿನೆಂಡ್ ಕಿಟೆಲ್ ಇಬ್ಬರೂ ಈ ಮಿಷನ್‌ನವರೇ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಪಂಗಡಗಳ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಆಯಿತು. ಮೂಲ ವಿಶ್ವಾಸ ಒಂದೇ ಆಗಿದ್ದರಿಂದಲೇ ಈ ಕೂಡಿಕೆ ಸಾಧ್ಯವಾಯಿತು. ಆ ವಿಶ್ವಾಸವೇನು?

ಒಂದು, ಗ್ರಂಥ. ಧರ್ಮದ ವಿಷಯದಲ್ಲಿ ಕೊನೆಯ ಮಾತು ಬೈಬಲ್‌ನದು. ಕನ್ನಡ ಪ್ರೊಟೆಸ್ಟಂಟರು ಅದನ್ನು 'ಸತ್ಯವೇದ' ಎನ್ನುತ್ತಾರೆ. ಅವರ ಬೈಬಲ್‌ನಲ್ಲಿ 66 ಪುಸ್ತಕಗಳು, ಕ್ಯಾಥೊಲಿಕರದರಲ್ಲಿ 73.

ಎರಡು, ಕೃಪೆ ಮತ್ತು ನಂಬಿಕೆ. ಮನುಷ್ಯ ತನ್ನ ಸತ್ಕರ್ಮದಿಂದ ಮೋಕ್ಷ ಗಳಿಸಲಾರ; ಅದು ದೇವರ ಕೃಪೆಯ ಕೊಡುಗೆ, ನಂಬಿಕೆಯಿಂದ ದೊರೆಯುತ್ತದೆ ಎನ್ನುತ್ತಾರೆ. 'ಹಾಗಾದರೆ ಬೇಕಾದಷ್ಟು ಪಾಪ ಮಾಡಬಹುದಲ್ಲ' ಎಂದು ನಮ್ಮಲ್ಲಿ ಕೆಲವರು ನಗುವುದುಂಟು. ಇದು ಅನ್ಯಾಯದ ಮಾತು. ಬೇರು ಜೀವಂತವಿದ್ದರೆ ಮರ ಫಲ ಬಿಡುವಂತೆ, ನಿಜವಾದ ನಂಬಿಕೆ ಒಳ್ಳೆಯ ನಡತೆಯನ್ನು ತಂದೇ ತರುತ್ತದೆ ಎಂಬುದು ಅವರ ಬೋಧನೆ.

ಮೂರು, ಯೇಸುವೇ ಏಕೈಕ ಮಧ್ಯಸ್ಥ. ಮರಿಯಳನ್ನು ಗೌರವಿಸುತ್ತಾರೆ, ಆದರೆ ಆಕೆಗಾಗಲಿ ಸಂತರಿಗಾಗಲಿ ಪ್ರಾರ್ಥನೆ ಸಲ್ಲಿಸುವುದಿಲ್ಲ.

ನಾಲ್ಕು, ಪ್ರತಿಯೊಬ್ಬ ವಿಶ್ವಾಸಿಯೂ ನೇರವಾಗಿ ದೇವರ ಮುಂದೆ ನಿಲ್ಲಬಲ್ಲ. ಸಭಾಪಾಲಕರು ಬೋಧಿಸುತ್ತಾರೆ, ಆರಾಧನೆ ನಡೆಸುತ್ತಾರೆ, ಕ್ಷಮಿಸುವವನು ದೇವರೇ.

ಐದು, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಎಂಬ ಎರಡು ವಿಧಿಗಳನ್ನು ಹೆಚ್ಚಿನವರು ಪಾಲಿಸುತ್ತಾರೆ.

ಹಾಗಾದರೆ ಭೇದ ಎಲ್ಲಿ? ಮುಖ್ಯವಾಗಿ ವಿಧಾನ ಮತ್ತು ಆಡಳಿತದಲ್ಲಿ. ಸಿ.ಎಸ್.ಐ.ನಲ್ಲಿ ಶಿಶುಗಳಿಗೂ ದೀಕ್ಷಾಸ್ನಾನವುಂಟು. ಬ್ಯಾಪ್ಟಿಸ್ಟರು ಸ್ವತಃ ನಂಬಿಕೆ ಹೇಳಬಲ್ಲವರನ್ನು ಮಾತ್ರ ನೀರಲ್ಲಿ ಮುಳುಗಿಸುತ್ತಾರೆ. ಸಿ.ಎಸ್.ಐ.ಗೆ ಬಿಷಪ್ ಇದ್ದಾರೆ. ಬ್ಯಾಪ್ಟಿಸ್ಟರಲ್ಲಿ ಒಂದೊಂದು ಸಭೆ ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳುತ್ತದೆ. ಪೆಂಟೆಕೋಸ್ಟರು ಪವಿತ್ರಾತ್ಮನ ವರಗಳಿಗೆ, ರೋಗಶಮನದ ಪ್ರಾರ್ಥನೆಗೆ ಹೆಚ್ಚು ಒತ್ತು ಕೊಡುತ್ತಾರೆ.

ಇನ್ನು ನಮಗೂ ಅವರಿಗೂ ಇರುವ ಅಂತರ. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಯೇಕತ್ವವನ್ನು, ಯೇಸು ಶಿಲುಬೆಯ ಮೇಲೆ ನಮ್ಮ ಪಾಪಗಳಿಗಾಗಿ ಪ್ರಾಣ ಕೊಟ್ಟು ಮತ್ತೆ ಎದ್ದರೆಂಬುದನ್ನು ಅವರಲ್ಲಿ ಬಹುತೇಕರು ನಂಬುತ್ತಾರೆ. ಇದರಲ್ಲಿ ಕ್ಯಾಥೊಲಿಕರೂ ಅವರೊಂದಿಗಿದ್ದಾರೆ. 'ನಾವು ಮೂರು ದೇವರನ್ನು ಪೂಜಿಸುವುದಿಲ್ಲ, ದೇವರು ಒಬ್ಬನೇ' ಎಂದು ಅವರು ಹೇಳುತ್ತಾರೆಂಬುದನ್ನೂ ನಾವು ತಿಳಿದಿರಬೇಕು. ನಮ್ಮ ವಿಶ್ವಾಸ ತೌಹೀದ್. ಈಸಾ(ಅ) ಅಲ್ಲಾಹನ ದಾಸ ಮತ್ತು ಪ್ರವಾದಿ, ಅವರನ್ನು ಶಿಲುಬೆಗೇರಿಸಲಾಗಲಿಲ್ಲ. ಈ ಅಂತರವನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಅವರು ಹೇಳದ ಮಾತನ್ನು ಅವರ ಬಾಯಿಗೆ ತುರುಕುವ ಹಕ್ಕೂ ನಮಗಿಲ್ಲ.

ನಜ್ರಾನಿನ ಕ್ರೈಸ್ತ ನಿಯೋಗವನ್ನು ಪ್ರವಾದಿ(ಸ)ರವರು ಮದೀನಾದ ಮಸೀದಿಯಲ್ಲಿಯೇ ಬರಮಾಡಿಕೊಂಡರೆಂದು ಸೀರತ್ ಗ್ರಂಥಗಳು ತಿಳಿಸುತ್ತವೆ. ಅಭಿಪ್ರಾಯ ಬೇರೆಯಾಗಿತ್ತು, ಅತಿಥಿಗಳ ಗೌರವಕ್ಕೆ ಕುಂದಾಗಲಿಲ್ಲ. ಗ್ರಂಥದವರೊಂದಿಗೆ ಅತ್ಯುತ್ತಮ ರೀತಿಯಲ್ಲೇ ಚರ್ಚಿಸಬೇಕೆಂಬುದು ಸೂರಃ ಅಲ್ ಅಂಕಬೂತ್‌ನ ಆದೇಶ. ನೆರೆಯವರ ಧರ್ಮದ ಬಗ್ಗೆ ಮಕ್ಕಳು ಕೇಳಿದಾಗ ಮನೆಯ ಹಿರಿಯರು ತಿಳಿದಷ್ಟನ್ನು ಸರಿಯಾಗಿ ಹೇಳಲಿ. ತಿಳಿಯದಿದ್ದರೆ ಆ ನೆರೆಯವರನ್ನೇ ವಿನಯದಿಂದ ಕೇಳಲಿ.

ಅಲ್ಲಾಹನು ನಮ್ಮ ನಾಲಿಗೆಯನ್ನು ಸುಳ್ಳಿನಿಂದ ಕಾಪಾಡಲಿ. ಆಮೀನ್.