ನೇರಳೆ ಹಣ್ಣು: ಮನೆಯ ಪ್ರಯೋಗಗಳು, ಮರೆಯಬಾರದ ಮಿತಿಗಳು

ರೋಹಿಣಿ ಮಳೆಯ ಮೊದಲ ಹನಿ ಬೀಳುವ ಹೊತ್ತಿಗೆ ಬೋರಗಾಂವದ ಸುತ್ತಮುತ್ತ ನೇರಳೆ ಮರಗಳ ಬುಡವೆಲ್ಲ ನೀಲಿಯಾಗಿರುತ್ತದೆ. ದೂಧಗಂಗೆಯ ದಂಡೆಯ ಹೊಲದ ಬದುಗಳಲ್ಲಿ ಮಕ್ಕಳು ನಾಲಿಗೆ ಚಾಚಿ ಯಾರದು ಹೆಚ್ಚು ನೀಲಿಯೆಂದು ಪಂದ್ಯ ಕಟ್ಟುತ್ತಾರೆ. ನಾವು ನೇರಳೆ ಎನ್ನುವ ಈ ಹಣ್ಣನ್ನು ನೆರೆಯ ಮರಾಠಿ ಬಂಧುಗಳು ಜಾಂಭೂಳ ಎನ್ನುತ್ತಾರೆ. ಸಂಸ್ಕೃತದಲ್ಲಿ ಅದು ಜಂಬೂ. ಈ ನಾಡಿಗೇ ಜಂಬೂದ್ವೀಪವೆಂಬ ಹೆಸರು ಬಂದದ್ದು ಈ ಮರದಿಂದ.

ಸದ್ಭಕ್ತರಲ್ಲಿ ಅನೇಕರು ಈ ತಿಂಗಳಲ್ಲಿ ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಡಾಕ್ಟರರೇ, ನೇರಳ ಬೀಜದ ಪುಡಿ ತಗೊಂಡ್ರ ಸಕ್ಕರಿ ಬ್ಯಾನಿ ಹೋಗ್ತದೋ ಇಲ್ಲೋ?" ಇದಕ್ಕೆ ಉತ್ತರ ಹೇಳುವ ಮೊದಲು ಈ ಹಣ್ಣಿನಿಂದ ನಮ್ಮ ಮನೆಯಲ್ಲಿಯೇ ಮಾಡಿ ನೋಡಿದ ಕೆಲವು ಪ್ರಯೋಗಗಳನ್ನು ತಿಳಿಸುತ್ತೇವೆ.

ಮೊದಲನೆಯದು ರಸ. ಆರಂಭದಲ್ಲಿ ನಾವು ಹಣ್ಣನ್ನು ಬೀಜಸಹಿತ ಮಿಕ್ಸರಿಗೆ ಹಾಕಿದೆವು. ಬೀಜ ಒಡೆದು ರಸವೆಲ್ಲ ಕಹಿ-ಒಗರಾಗಿ ಬಾಯಿಗಿಡಲಾಗಲಿಲ್ಲ. ಎರಡನೆಯ ಸಲ ಕಬ್ಬಿಣದ ಬಾಣಲೆಯಲ್ಲಿ ಕುದಿಸಿದೆವು. ಹಣ್ಣಿನ ಒಗರಿನ ಅಂಶ ಕಬ್ಬಿಣದೊಡನೆ ಸೇರಿ ರಸ ಶಾಯಿಯಂತೆ ಕಪ್ಪಾಯಿತು. ಮೂರನೆಯ ಸಲ ಸರಿಬಂದಿತು. 1 ಕಿಲೋ ಹಣ್ಣನ್ನು ಉಪ್ಪುನೀರಿನಲ್ಲಿ ತೊಳೆದು, ಸ್ಟೀಲ್ ಪಾತ್ರೆಯಲ್ಲಿ 2 ಬಟ್ಟಲು ನೀರಿನೊಡನೆ ಕೈಯಿಂದ ಹಿಸುಕಿ, ಸಣ್ಣ ಉರಿಯಲ್ಲಿ 10 ನಿಮಿಷವಿಟ್ಟು ಬಟ್ಟೆಯಲ್ಲಿ ಸೋಸಬೇಕು. ಸಕ್ಕರೆ ಬೇಡ. ಅರ್ಧ ಲೋಟ ರಸಕ್ಕೆ ಅಷ್ಟೇ ನೀರು, ಚಿಟಿಕೆ ಸೈಂಧವ ಲವಣ, ಹುರಿದ ಜೀರಿಗೆಯ ಪುಡಿ ಬೆರೆಸಿದರೆ ಬೇಸಿಗೆಯ ದಾಹಕ್ಕೆ ಉತ್ತಮ ಪಾನಕ. ಸಕ್ಕರೆಯಿಲ್ಲದ ರಸವನ್ನು ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಬೇಕು. ವರ್ಷವಿಡೀ ಕೆಡದಂತೆ ಸಮಪಾಲು ಸಕ್ಕರೆ ಹಾಕಿ ಕಾಯಿಸಿದ ಪಾಕ ಮಧುಮೇಹಿಗಳಿಗೆ ಸಲ್ಲದು.

ಎರಡನೆಯದು ಶಿರ್ಕಾ, ಅಂದರೆ ಹಣ್ಣನ್ನು ಹುಳಿಯಿಸಿ ಮಾಡುವ ವಿನೆಗರ್. ಎರಡು ಗಾಜಿನ ಭರಣಿಗಳಲ್ಲಿ ಇಟ್ಟಿದ್ದೆವು. ಒಂದರ ಮೇಲೆ ಬೂಷ್ಟು ಬೆಳೆದು ಪೂರ್ತಿ ಚೆಲ್ಲಬೇಕಾಯಿತು. ಮೇಲಿನದನ್ನಷ್ಟೇ ತೆಗೆದು ಉಳಿದದ್ದನ್ನು ಬಳಸುವುದು ಅಪಾಯ. ಹುಳಿಯುವ ನಡುವಿನ ಹಂತದಲ್ಲಿ ಮದ್ಯಾಂಶವೂ ಹುಟ್ಟುತ್ತದೆ. ಆದ್ದರಿಂದ ಇದನ್ನು ಮನೆಯಲ್ಲಿ ಮಾಡಿರೆಂದು ನಾವು ಹೇಳುವುದಿಲ್ಲ.

ಮೂರನೆಯದು ಎಲೆ. ಒಂದು ಹಿಡಿ ಎಳೆಯ ಎಲೆಗಳನ್ನು 4 ಬಟ್ಟಲು ನೀರಿನಲ್ಲಿ ಕುದಿಸಿ 1 ಬಟ್ಟಲಿಗೆ ಇಳಿಸಿ, ಆರಿಸಿ ಬಾಯಿ ಮುಕ್ಕಳಿಸಿದರೆ ಬಾಯಿಹುಣ್ಣಿಗೂ ಒಸಡು ಸಡಿಲವಾದವರಿಗೂ ಹಿತ. ವಾಂತಿಯನ್ನು ತಡೆಯುವ ದ್ರವ್ಯಗಳ ಗಣದಲ್ಲಿಯೂ ಚರಕರು ನೇರಳೆ ಮತ್ತು ಮಾವಿನ ಚಿಗುರನ್ನು ಹೇಳಿದ್ದಾರೆ.

ನಾಲ್ಕನೆಯದು ಬೀಜದ ಚೂರ್ಣ. ತಿರುಳು ಉಳಿಯದಂತೆ ತೊಳೆದ ಬೀಜವನ್ನು ನೆರಳಿನಲ್ಲಿ ಗಟ್ಟಿಯಾಗುವವರೆಗೆ ಒಣಗಿಸಿ, ಕುಟ್ಟಿ, ವಸ್ತ್ರಗಾಲಿತ ಮಾಡಬೇಕು. ಹಣ್ಣಿನ ಕಾಲದ ಬೆನ್ನಲ್ಲೇ ಮಳೆ ಬರುವುದರಿಂದ ಬೀಜ ಅರೆಒಣಗಿ ಮುಗ್ಗಲು ಹಿಡಿಯುವುದುಂಟು. ಮುಗ್ಗಲು ವಾಸನೆಯ ಪುಡಿಯನ್ನು ಎಷ್ಟೇ ಶ್ರಮಪಟ್ಟು ಮಾಡಿದ್ದರೂ ಬಳಸಬಾರದು. ಚೂರ್ಣದ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ. ಅದೂ ವೈದ್ಯರ ಸಲಹೆಯ ಮೇಲೆ.

ಇನ್ನು ಆ ಪ್ರಶ್ನೆಗೆ ಬರೋಣ. ಚರಕಸಂಹಿತೆಯಲ್ಲಿ ಮೂತ್ರಸಂಗ್ರಹಣೀಯ ಎಂಬ ಹತ್ತು ದ್ರವ್ಯಗಳ ಗಣವಿದೆ. ಅತಿಯಾದ ಮೂತ್ರಪ್ರವೃತ್ತಿಯನ್ನು ತಡೆಯುವ ಆ ಗಣದಲ್ಲಿ ನೇರಳೆಯೂ ಇದೆ. ಆದರೆ ಒಂದು ಲಕ್ಷಣವನ್ನು ತಡೆಯುವುದೆಂದರೆ ಇಡೀ ವ್ಯಾಧಿಯನ್ನು ಗೆಲ್ಲುವುದೆಂದಲ್ಲ. ಪ್ರಾಣಿಗಳ ಮೇಲಿನ ಕೆಲವು ಪರೀಕ್ಷೆಗಳಲ್ಲಿ ಬೀಜದಿಂದ ಸಕ್ಕರೆ ಇಳಿದದ್ದು ನಿಜ. ಬ್ರೆಜಿಲ್ ದೇಶದಲ್ಲಿ ಎಲೆಯ ಕಷಾಯವನ್ನು ಮನುಷ್ಯರಿಗೇ ಕೊಟ್ಟು ನೋಡಿದಾಗ ರಕ್ತದ ಸಕ್ಕರೆ ಇಳಿಯಲಿಲ್ಲ. ನೇರಳೆಯನ್ನು ಪಥ್ಯಕ್ಕೆ ಸಹಾಯಕವೆನ್ನಬಹುದು. ಮಾತ್ರೆಗೆ, ಇನ್ಸುಲಿನ್‌ಗೆ ಬದಲಿ ಎನ್ನಲಾಗದು.

ಇದನ್ನು ನಾವು ಗ್ರಂಥದಿಂದಷ್ಟೇ ಕಲಿಯಲಿಲ್ಲ. ಬಹಳ ವರ್ಷಗಳ ಹಿಂದೆ ರೈತರೊಬ್ಬರಿಗೆ ನಾವೇ ಉತ್ಸಾಹದಿಂದ ಬೀಜದ ಚೂರ್ಣ ಕೊಟ್ಟಿದ್ದೆವು. "ಮಾತ್ರೆ ಬಿಡಬೇಡಿ" ಎಂಬ ಎರಡು ಮಾತು ಹೇಳುವುದನ್ನು ಮರೆತೆವು, ಅವರು ಬಿಟ್ಟರು. ಎರಡು ತಿಂಗಳ ಮೇಲೆ ಮತ್ತೆ ಬಂದಾಗ ಅವರ ಬಲಗಾಲಿನ ಹೆಬ್ಬೆರಳಿನ ಗಾಯ ಕಪ್ಪಾಗಿತ್ತು. ಆಸ್ಪತ್ರೆಗೆ ಕರೆದೊಯ್ದೆವು, ಕಾಲು ಉಳಿಯಿತು, ಬೆರಳು ಉಳಿಯಲಿಲ್ಲ. ಅವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. "ನಿಮ್ಮ ಔಷಧದ ತಪ್ಪಲ್ಲರೀ" ಎಂದರು. ತಪ್ಪು ಔಷಧದ್ದಲ್ಲ, ನಮ್ಮ ಮೌನದ್ದು. ಅಂದಿನಿಂದ ಚೂರ್ಣದ ಪೊಟ್ಟಣದ ಮೇಲೆಯೇ ಆ ಎರಡು ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡುತ್ತೇವೆ.

ಎಚ್ಚರಿಕೆ ಇನ್ನೊಂದು ಬಗೆಯದೂ ಇದೆ. ಮಾತ್ರೆಯ ಜೊತೆಗೆ ಚೂರ್ಣವನ್ನು ಹೇಳದೆ ಕೇಳದೆ ಸೇರಿಸಿದರೆ, ಊಟ ತಪ್ಪಿದ ದಿನ ಸಕ್ಕರೆ ತೀರ ಇಳಿಯುವ ಸಂಭವವುಂಟು. ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆಗೂಡಿದರೆ ಎಚ್ಚರವಿದ್ದಾಗಲೇ ಬೆಲ್ಲದ ಇಲ್ಲವೆ ಸಕ್ಕರೆಯ ನೀರು ಕುಡಿಸಿ ವೈದ್ಯರಲ್ಲಿಗೆ ಕರೆತರಬೇಕು.

ಹಣ್ಣನ್ನಾದರೂ ಮಿತವಾಗಿ ತಿನ್ನಬೇಕು. ವಾತವನ್ನು ಹೆಚ್ಚಿಸುವ ದ್ರವ್ಯಗಳಲ್ಲಿ ನೇರಳೆ ಹಣ್ಣಿಗೆ ಚರಕರು ಮೊದಲ ಸ್ಥಾನ ಕೊಟ್ಟಿದ್ದಾರೆ. ಖಾಲಿ ಹೊಟ್ಟೆಯಲ್ಲಿ ತಿಂದರೆ ಹೊಟ್ಟೆಯುಬ್ಬರ, ಮಲಬದ್ಧತೆ ತಪ್ಪದು. ಊಟದ ನಂತರ ಹತ್ತು ಹನ್ನೆರಡು ಹಣ್ಣು, ಮೇಲೆ ಚಿಟಿಕೆ ಉಪ್ಪು, ಒಡನೆ ಹಾಲು ಕುಡಿಯದಿರುವುದು: ಇಷ್ಟು ನಿಯಮ ಸಾಕು.

ಬದುವಿನ ಮರ ಯಾರನ್ನೂ ಕೇಳದೆ ಎಲ್ಲರಿಗೂ ಹಣ್ಣು ಉದುರಿಸುತ್ತದೆ. ಆಯ್ದು ತನ್ನಿ, ಮಕ್ಕಳೊಡನೆ ತಿನ್ನಿ, ಪಾನಕ ಮಾಡಿ ನೆರೆಯವರಿಗೂ ಕೊಡಿ. ಮನೆಯಲ್ಲಿ ಮಧುಮೇಹಿಗಳಿದ್ದರೆ ಅವರ ಮಾತ್ರೆಯ ಡಬ್ಬಿ ಎಂದಿನ ಜಾಗದಲ್ಲಿಯೇ ಇರಲಿ, ಮತ್ತು ದಿನಕ್ಕೊಮ್ಮೆ ಅವರ ಪಾದಗಳನ್ನು ನೋಡುವುದನ್ನು ಮರೆಯದಿರಿ.